ಆಸ್ಪತ್ರೆಯಲ್ಲಿ ಸನ್ನಿ: ಮನೆಯವರ ಮಾತೇ ಮುಖ್ಯ

ಸೊಂಟದ ಮೂಳೆ ಮುರಿದು ಆಪರೇಷನ್ ಆದ ಅಜ್ಜಿ ಎರಡನೇ ರಾತ್ರಿ ಮಗಳನ್ನೇ ಗುರುತಿಸುವುದಿಲ್ಲ. ಎಂದೋ ತೀರಿಹೋದ ತಂಗಿಯನ್ನು ಕರೆಯುತ್ತಾರೆ, ಡ್ರಿಪ್ ಕಿತ್ತುಹಾಕುತ್ತಾರೆ. ಬೆಳಿಗ್ಗೆ ಮತ್ತೆ ಸರಿ. ‘ವಯಸ್ಸಾಯಿತು, ಅರಳು ಮರಳು’ ಎನ್ನುವವರಿದ್ದಾರೆ. ‘ಗಾಳಿ ಸೋಕಿದೆ’ ಎನ್ನುವವರೂ ಇದ್ದಾರೆ. ಎರಡೂ ಅಲ್ಲ. ಇದು ಸನ್ನಿ, ವೈದ್ಯರ ಭಾಷೆಯಲ್ಲಿ ಡೆಲಿರಿಯಂ.

ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಸನ್ನಿ ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬರುತ್ತದೆ, ಹೊತ್ತುಹೊತ್ತಿಗೆ ಏರಿಳಿಯುತ್ತದೆ. ಕೂಗಾಡುವವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಆದರೆ ಕೆಲವರು ಮಂಕಾಗಿ, ಮಾತಿಲ್ಲದೆ ಮಲಗಿರುತ್ತಾರೆ. ‘ಸುಸ್ತಾಗಿದೆ, ಮಲಗಲಿ’ ಎಂದು ಬಿಟ್ಟುಬಿಡುವ ಈ ಬಗೆಯೇ ಹೆಚ್ಚು ಅಪಾಯಕಾರಿ.

ಕಾರಣಗಳೇನು?

ಮೂತ್ರದ ಅಥವಾ ಶ್ವಾಸಕೋಶದ ಸೋಂಕು, ನಿರ್ಜಲತೆ, ರಕ್ತದಲ್ಲಿ ಸೋಡಿಯಂ ಇಳಿಯುವುದು, ನೋವು, ಮಲಬದ್ಧತೆ, ಮೂತ್ರ ಕಟ್ಟುವುದು, ನಿದ್ರೆ ಮಾತ್ರೆ. ದಿನವೂ ಕುಡಿಯುವವರಿಗೆ ಮದ್ಯ ನಿಂತ ಎರಡು–ಮೂರು ದಿನಗಳಲ್ಲಿ ಸನ್ನಿ ಬರಬಹುದು. ಕಾರಣ ಹುಡುಕಿ ಚಿಕಿತ್ಸೆ ಕೊಟ್ಟರೆ ಸಾಮಾನ್ಯವಾಗಿ ಬುದ್ಧಿ ತಿಳಿಯಾಗುತ್ತದೆ. ಕೆಲವರಿಗೆ ವಾರಗಳೇ ಬೇಕಾಗಬಹುದು.

ಪತ್ತೆ ಹೇಗೆ?

ಎಡಿನ್‌ಬರೋದಲ್ಲಿ ರೂಪುಗೊಂಡ ‘ಫೋರ್ ಎ ಟಿ’ ಪರೀಕ್ಷೆಗೆ ಎರಡು ನಿಮಿಷ ಸಾಕು. ಅದರಲ್ಲಿ ನಾಲ್ಕು ಭಾಗಗಳಿವೆ. ರೋಗಿ ಎಚ್ಚರವಾಗಿದ್ದಾರೆಯೇ ಎಂದು ನೋಡುತ್ತಾರೆ. ವಯಸ್ಸು, ಹುಟ್ಟಿದ ದಿನಾಂಕ, ಇರುವ ಜಾಗ, ಈಗಿನ ಇಸವಿ ಕೇಳುತ್ತಾರೆ. ಡಿಸೆಂಬರ್‌ನಿಂದ ತಿಂಗಳುಗಳನ್ನು ಹಿಂದುಮುಂದಾಗಿ ಹೇಳಿಸುತ್ತಾರೆ. ಕೊನೆಯದು, ನಡವಳಿಕೆ ಇದ್ದಕ್ಕಿದ್ದಂತೆ ಬದಲಾಗಿದೆಯೇ ಎಂಬುದು. ಒಟ್ಟು 12 ಅಂಕಗಳಲ್ಲಿ 4 ಅಥವಾ ಹೆಚ್ಚು ಬಂದರೆ ಸನ್ನಿಯ ಶಂಕೆ.

ಶಾಲೆ ಕಾಣದ, ಹುಟ್ಟಿದ ದಿನಾಂಕ ತಿಳಿಯದ ಹಿರಿಯರು ನಮ್ಮಲ್ಲಿ ಅನೇಕರು. ಅಂಥವರಲ್ಲಿ ಕೊನೆಯ ಪ್ರಶ್ನೆಗೆ ವಿಶೇಷ ಬೆಲೆ. ಅದೊಂದಕ್ಕೇ 4 ಅಂಕ. ಅದಕ್ಕೆ ಉತ್ತರ ಚೆನ್ನಾಗಿ ಗೊತ್ತಿರುವುದು ಮನೆಯವರಿಗೆ.

ನೀವೇನು ಮಾಡಬೇಕು?

* ‘ನಿನ್ನೆಯವರೆಗೆ ಹೀಗಿರಲಿಲ್ಲ’ ಎಂದು ನರ್ಸ್‌ಗೆ ಕೂಡಲೇ ತಿಳಿಸಿ. ಬೆಳಿಗ್ಗೆ ರೌಂಡ್ಸ್‌ಗೆ ಬರುವ ವೈದ್ಯರಿಗೂ ರಾತ್ರಿ ಕಂಡದ್ದನ್ನು ಹೇಳಿ.

* ಮನೆಯಲ್ಲಿ ನುಂಗುತ್ತಿದ್ದ ಎಲ್ಲ ಮಾತ್ರೆಗಳನ್ನೂ ತೋರಿಸಿ. ಕುಡಿತದ ಅಭ್ಯಾಸವನ್ನು ಮುಚ್ಚಿಡಬೇಡಿ.

* ಕನ್ನಡಕ, ಶ್ರವಣ ಯಂತ್ರ ಜೊತೆಗಿರಲಿ. ಹಗಲು ಬೆಳಕು, ರಾತ್ರಿ ನಿದ್ದೆ ಸಿಗಲಿ. ವೈದ್ಯರ ಅಡ್ಡಿಯಿಲ್ಲದಿದ್ದರೆ ಆಗಾಗ ನೀರು ಕುಡಿಸಿ, ನಡೆದಾಡಿಸಿ.

* ವಾದ ಮಾಡಬೇಡಿ, ಗದರಿಸಬೇಡಿ. ಪರಿಚಿತ ಮುಖವೊಂದು ಪಕ್ಕದಲ್ಲಿದ್ದು, ಎಲ್ಲಿದ್ದಾರೆ, ಇಂದು ಯಾವ ವಾರ ಎಂದು ಮೆಲ್ಲಗೆ ನೆನಪಿಸುತ್ತಿರಲಿ.

ಸನ್ನಿ ವಯಸ್ಸಿನ ಸಹಜ ಗುಣವಲ್ಲ. ದೇಹದಲ್ಲಿ ಏನೋ ಕೆಟ್ಟಿದೆ ಎಂಬ ಎಚ್ಚರಿಕೆ. ಅದನ್ನು ತಡಮಾಡದೆ ತಿಳಿಸುವುದೇ ರೋಗಿಗೆ ನೀವು ಮಾಡುವ ದೊಡ್ಡ ಉಪಕಾರ.