ಸಿಂಬಿಡಿಯಂ ಹೂ ಬಿಡದಿದ್ದರೆ ಗಿಡವನ್ನು ದೂರಬೇಡಿ

ಉದಕಮಂಡಲ, ಕೂನೂರು, ಕೋಟಗಿರಿ ಕಡೆಯ ಮನೆಯಂಗಳಗಳಲ್ಲಿ ಸಿಂಬಿಡಿಯಂ ಆರ್ಕಿಡ್ ಕುಂಡಗಳು ಅಪರೂಪವಲ್ಲ. ಆದರೆ ಎಲೆ ಸೊಂಪಾಗಿ ಬೆಳೆಯುತ್ತದೆ, ಹೂ ಮಾತ್ರ ಇಲ್ಲ ಎಂಬುದು ಹಲವರ ದೂರು. ನಮ್ಮ ಮನೆಯ ಗಿಡವೂ ನಾಲ್ಕು ವರ್ಷ ಹೀಗೇ ಇತ್ತು. ಅದನ್ನು ಮರದ ದಟ್ಟ ನೆರಳಿನಲ್ಲಿಟ್ಟು ಗೊಬ್ಬರದ ಮೇಲೆ ಗೊಬ್ಬರ ಹಾಕಿದೆವು. ತಪ್ಪು ನಮ್ಮದೇ.

ಈ ಗಿಡ ಹೂ ಬಿಡಲು ತಂಪು ರಾತ್ರಿ ಮತ್ತು ಒಳ್ಳೆಯ ಬೆಳಕು ಎರಡೂ ಬೇಕು. ದೊಡ್ಡ ಹೂವಿನ ತಳಿಗಳ ಮೂಲ ಹಿಮಾಲಯದ ತಂಪು ಕಾಡುಗಳು. ರಾತ್ರಿಯ ಉಷ್ಣಾಂಶ 10ರಿಂದ 15 ಡಿಗ್ರಿ ಸೆಲ್ಸಿಯಸ್‌ಗೆ ಇಳಿದು, ಹಗಲು ಅದಕ್ಕಿಂತ ಸುಮಾರು 10 ಡಿಗ್ರಿ ಹೆಚ್ಚಿದ್ದರೆ ಹೂದಂಡು ಹುಟ್ಟುತ್ತದೆ. ಬೆಟ್ಟದಲ್ಲಿ ತಂಪು ಪುಕ್ಕಟೆಯಾಗಿ ಸಿಗುತ್ತದೆ. ಬೆಳಕಿನ ಜಾಗವನ್ನು ನಾವೇ ನೋಡಿಕೊಡಬೇಕು. ಬಯಲುಸೀಮೆಯ ಸೆಕೆಯಲ್ಲಿ ಎಲೆ ಬಂದೀತು, ಹೂ ಬರುವುದು ಕಷ್ಟ.

ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ತೆಳುನೆರಳು ಇರುವ ಜಾಗ ಒಳ್ಳೆಯದು. ಎಲೆ ಕಡು ಹಸಿರಾಗಿದ್ದರೆ ಬೆಳಕು ಸಾಲದು ಎಂದು ತಿಳಿಯಿರಿ. ತುಸು ಹಳದಿ ಬೆರೆತ ಹಸಿರು ಸರಿಯಾದ ಬಣ್ಣ. ನೆರಳಿನ ಗಿಡವನ್ನು ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ಎರಡು ಮೂರು ವಾರಗಳಲ್ಲಿ ನಿಧಾನವಾಗಿ ಸರಿಸಿ.

ಕುಂಡಕ್ಕೆ ಬರೀ ಮಣ್ಣು ತುಂಬಬೇಡಿ. ಮರದ ತೊಗಟೆ, ಇದ್ದಿಲು, ಇಟ್ಟಿಗೆ ಚೂರು ಬೆರೆಸಿದರೆ ನೀರು ನಿಲ್ಲದು, ಬೇರು ಕೊಳೆಯದು. ಹೊಸ ಚಿಗುರು ಬೆಳೆಯುವ ತಿಂಗಳುಗಳಲ್ಲಿ 19:19:19 ಗೊಬ್ಬರವನ್ನು ಲೀಟರ್ ನೀರಿಗೆ 1 ಗ್ರಾಂನಂತೆ ಹದಿನೈದು ದಿನಕ್ಕೊಮ್ಮೆ ಕೊಡಿ. ಗಡ್ಡೆ ಬಲಿತ ಮೇಲೆ ಸಾರಜನಕ ಕಡಿಮೆ ಮಾಡಿ, ಪೊಟ್ಯಾಷ್ ಹೆಚ್ಚಿರುವ ಗೊಬ್ಬರ ಹಾಕಿ.

ಬುಡದಲ್ಲಿ ದುಂಡಗೆ ಮೂಡುವುದು ಹೂದಂಡು, ಚಪ್ಪಟೆಯಾಗಿ ಬರುವುದು ಎಲೆಚಿಗುರು. ಹೂದಂಡು ಕಂಡ ಮೇಲೆ ಕುಂಡವನ್ನು ತಿರುಗಿಸಬೇಡಿ. ಬಸವನಹುಳುಗಳನ್ನು ರಾತ್ರಿ ದೀಪ ಹಿಡಿದು ಹೆಕ್ಕಿರಿ. ಅವಕ್ಕೆ ಹಾಕುವ ವಿಷದ ಗುಳಿಗೆ ಮಕ್ಕಳಿಗೂ ನಾಯಿಗೂ ಅಪಾಯ. ಹಿಮ ಬೀಳುವ ರಾತ್ರಿ ಗಿಡವನ್ನು ಸೂರಿನಡಿ ಇಡಿ.

ಹೂ ಮುಗಿದ ಮೇಲೆ, ಎರಡು ಮೂರು ವರ್ಷಕ್ಕೊಮ್ಮೆ ಕುಂಡ ಬದಲಿಸಿ. ಬುಡ ಸೀಳುವುದಾದರೆ ಒಂದೊಂದು ಭಾಗದಲ್ಲೂ ಕನಿಷ್ಠ ಮೂರು ನಾಲ್ಕು ಗಡ್ಡೆ ಉಳಿಯಲಿ. ತೀರಾ ಸಣ್ಣದಾಗಿ ಸೀಳಿದರೆ ಕೆಲವು ವರ್ಷ ಹೂ ಬಾರದು. ನಂಜುರೋಗ ಹರಡದಂತೆ ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತಿಯನ್ನು ಬೆಂಕಿಗೆ ಹಿಡಿಯಿರಿ.

ಜಾಗ ಬದಲಿಸಿದ ಮರುವರ್ಷವೇ ನಮ್ಮ ಗಿಡ ಎರಡು ಹೂದಂಡು ಬಿಟ್ಟಿತು. ಹೂ ಆರು ವಾರ ಬಾಡಲಿಲ್ಲ. ನೀವೂ ಗೊಬ್ಬರಕ್ಕೆ ಹಣ ಸುರಿಯುವ ಮೊದಲು ಕುಂಡವನ್ನು ಬೆಳಕಿಗೆ ಸರಿಸಿ ನೋಡಿ.