ಸುಪ್ರೀಂ ಕೋರ್ಟಿನ ತೀರ್ಪು ಕಾನೂನಾಗುವುದು ಹೇಗೆ?



ಕಾನೂನು ಮಾಡೋದು ಪಾರ್ಲಿಮೆಂಟು, ವಿಧಾನಸಭೆ ಅಂತ ನಮಗೆಲ್ಲ ಗೊತ್ತು. ಆದರೆ ಒಂದು ಅನ್ಯಾಯವನ್ನು ತಡೆಯಲು ಕಾನೂನೇ ಇಲ್ಲದಿದ್ದರೆ? ಆಗ ಸುಪ್ರೀಂ ಕೋರ್ಟಿನ ತೀರ್ಪೇ ಕಾನೂನಿನ ಜಾಗ ತುಂಬಬಹುದು.

ರಾಜಸ್ಥಾನದ ಭಟೇರಿ ಗ್ರಾಮದಲ್ಲಿ ಸರ್ಕಾರದ ಮಹಿಳಾ ಯೋಜನೆಯ ಕಾರ್ಯಕರ್ತೆಯೊಬ್ಬರು ಬಾಲ್ಯವಿವಾಹ ತಡೆಯಲು ಹೋದರು. ಆ ಸಿಟ್ಟಿಗೆ ತಮ್ಮ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತೆಂದು 1992ರಲ್ಲಿ ದೂರು ಕೊಟ್ಟರು. ದುಡಿಯುವ ಹೆಂಗಸರಿಗೆ ರಕ್ಷಣೆ ಬೇಕೆಂದು ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿನ ಮೊರೆ ಹೋದವು.

1997ರ ಆಗಸ್ಟ್ 13ರಂದು 'ವಿಶಾಖಾ' ತೀರ್ಪು ಬಂತು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ಕೊಡುವುದು ಸಂವಿಧಾನದ ಸಮಾನತೆಯ ಹಕ್ಕಿಗೆ ವಿರುದ್ಧ. ಮಹಿಳೆಯೇ ಮುಖ್ಯಸ್ಥೆಯಾಗಿರುವ ದೂರು ಸಮಿತಿ ಇರಬೇಕು. ಪಾರ್ಲಿಮೆಂಟು ಕಾಯ್ದೆ ಮಾಡುವ ತನಕ ಇದನ್ನೇ ಪಾಲಿಸಬೇಕು ಎಂದಿತು ಕೋರ್ಟು. ಸಂವಿಧಾನದ 141ನೇ ವಿಧಿಯಂತೆ ಸುಪ್ರೀಂ ಕೋರ್ಟು ಸಾರಿದ ಕಾನೂನಿಗೆ ದೇಶದ ಎಲ್ಲ ಕೋರ್ಟುಗಳೂ ಬದ್ಧ.

16 ವರ್ಷದ ನಂತರ, 2013ರಲ್ಲಿ, ಪಾರ್ಲಿಮೆಂಟು ಕಾಯ್ದೆ ತಂದಿತು. ಇದರಂತೆ:

* 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ದೂರು ಸಮಿತಿ ಇರಬೇಕು.
* ಅದಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ಮಾಲೀಕನ ಮೇಲೆಯೇ ದೂರಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಮನೆಗೆಲಸದವರಿಗೂ ಈ ದಾರಿ ಇದೆ.
* ಘಟನೆ ನಡೆದ 3 ತಿಂಗಳೊಳಗೆ ದೂರು ಬರೆದುಕೊಡಬೇಕು. ಬರೆಯಲು ಬಾರದಿದ್ದರೆ ಸಮಿತಿಯವರು ನೆರವಾಗಬೇಕು.

ಹಳ್ಳಿಯ ಹೆಣ್ಣುಮಗಳೊಬ್ಬಳು ಬಾಯಿ ಬಿಟ್ಟು ಹೇಳಿದ್ದರಿಂದ ದೇಶದ ದುಡಿಯುವ ಹೆಂಗಸರಿಗೆಲ್ಲ ಕಾನೂನಿನ ಆಸರೆ ಸಿಕ್ಕಿತು. ಮುಂದಿನ ವಾರದ ಸಭೆಯಲ್ಲಿ ಇದನ್ನು ಓದಿ ಮಾತಾಡೋಣ. ನಮ್ಮಲ್ಲಿ ಯಾರಿಗೂ ಸುಮ್ಮನೆ ನುಂಗಿಕೊಳ್ಳುವ ಗತಿ ಬರಬಾರದು.