ಹಳೆಯ ಹೆಸರು, ಹೊಸ ಯಂತ್ರ

1953ನೆಯ ಇಸವಿ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಸ್ಥಾಪಿತವಾದಾಗ, ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲ್ಲೂಕು ಅನಂತಪುರ ಜಿಲ್ಲೆಗೆ ಸೇರಿತೆಂಬುದನ್ನು ವಿದ್ಯಾರ್ಥಿಗಳು ಹಿರಿಯರಿಂದ ಕೇಳಿ ತಿಳಿದಿರಬಹುದು. ಊರುಗಳು ಇದ್ದಲ್ಲಿಯೇ ಇದ್ದುವು, ಬದಲಾದುದು ಮೇಲುವಿಳಾಸ. ಗಣಕಯಂತ್ರಗಳ ಲೋಕದಲ್ಲಿ ಇದಕ್ಕೆ ವಿಪರೀತವಾದ ಏರ್ಪಾಡೊಂದುಂಟು. ಅಲ್ಲಿ ಹೆಸರು ಹಾಗೆಯೇ ನಿಲ್ಲುತ್ತದೆ. ಅದರ ಹಿಂದಿನ ಯಂತ್ರ ಬದಲಾಗುತ್ತದೆ.

ಅನೇಕರಿಗೆ ಮಾಹಿತಿಯನ್ನು ಒದಗಿಸುವ ಗಣಕಕ್ಕೆ ಸರ್ವರ್ ಎನ್ನುತ್ತಾರೆ. ಅದಕ್ಕೊಂದು ಅಂಕೆಗಳ ವಿಳಾಸವಿರುತ್ತದೆ. ಅಂಕೆ ನೆನಪಿನಲ್ಲಿ ನಿಲ್ಲದು, ಆದುದರಿಂದ ಹೆಸರಿಡುತ್ತಾರೆ. ಹೆಸರನ್ನು ಕೇಳಿ ಅಂಕೆಯನ್ನು ತಿಳಿಸುವ ಜಗದ್ವ್ಯಾಪಿಯಾದ ಪಟ್ಟಿಯೇ ಡೊಮೈನ್ ನೇಮ್ ಸಿಸ್ಟಮ್. 1983ರಲ್ಲಿ ಅಮೆರಿಕದ ಪಾಲ್ ಮೊಕಪೆಟ್ರಿಸ್ ಅವರು ಇದನ್ನು ರೂಪಿಸಿದರು. ಈ ಪಟ್ಟಿಯಲ್ಲಿ ಒಂದು ಹೆಸರಿನ ಎದುರಿಗೆ ಅಂಕೆಯ ಬದಲು ಮತ್ತೊಂದು ಹೆಸರನ್ನೇ ಬರೆಯಬಹುದು. ಇದೇ ಪರ್ಯಾಯ ನಾಮ.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಹೆಸರು ಇಂತಹ ಪರ್ಯಾಯ ನಾಮವೇ. ಅದು ವಿಕಿಮೀಡಿಯ ಸಂಸ್ಥೆಯ ಬೇರೊಂದು ಹೆಸರನ್ನು ತೋರಿಸುತ್ತದೆ. 2013ರ ಜನವರಿಯಲ್ಲಿ ಆ ಸಂಸ್ಥೆಯ ಮುಖ್ಯ ಕಾರ್ಯವು ಫ್ಲಾರಿಡದ ಟಾಂಪಾ ನಗರದಿಂದ ವರ್ಜೀನಿಯದ ಆಶ್‌ಬರ್ನಿಗೆ ಸ್ಥಳಾಂತರವಾಯಿತು. 2018ರಲ್ಲಿ ಸಿಂಗಪುರದಲ್ಲಿಯೂ ಯಂತ್ರಗಳು ನೆಲೆಗೊಂಡುವು. ಓದುಗರು ಬರೆಯುವ ಹೆಸರಿನಲ್ಲಿ ಒಂದಕ್ಷರವೂ ಬದಲಾಗಲಿಲ್ಲ.

ಓದುಗರಿಗಿಂತಲೂ ಹೆಚ್ಚಿನ ಉಪಕಾರ ಸ್ಕ್ರಿಪ್ಟುಗಳಿಗೆ. ಮನುಷ್ಯನ ಕೈ ತಾಗದೆ, ರಾತ್ರಿಯ ಹೊತ್ತು ಕಡತಗಳನ್ನು ನಕಲಿಸುವ, ಲೆಕ್ಕ ಕೂಡಿಸುವ ಆಜ್ಞಾಪಟ್ಟಿಗಳಿವು. ಒಂದು ಕಚೇರಿಯಲ್ಲಿ ಇಂತಹವು ಐವತ್ತಿದ್ದು, ಎಲ್ಲದರಲ್ಲಿಯೂ ಹಳೆಯ ಸರ್ವರಿನ ಹೆಸರಿದೆಯೆನ್ನೋಣ. ಹೊಸ ಸರ್ವರ್ ಬಂದ ದಿನ ಐವತ್ತನ್ನೂ ತಿದ್ದಬೇಕು; ಒಂದು ಕಣ್ತಪ್ಪಿದರೂ ವಿದ್ಯಾರ್ಥಿವೇತನದ ಅರ್ಜಿಗಳು ದಾರಿ ತಪ್ಪುತ್ತವೆ. ಹಳೆಯ ಹೆಸರನ್ನೇ ಹೊಸದರ ಪರ್ಯಾಯ ನಾಮವಾಗಿ ಮಾಡಿದರೆ ಪಟ್ಟಿಯಲ್ಲಿ ಒಂದು ಸಾಲಿನ ತಿದ್ದುಪಡಿ ಸಾಕು. ಹೆಸರಿನ ಬದಲು ಅಂಕೆಯನ್ನೇ ಬರೆದಿಟ್ಟ ಸ್ಕ್ರಿಪ್ಟಿಗೆ ಮಾತ್ರ ಈ ಉಪಾಯ ಫಲಿಸದು. ಅವಸರದಲ್ಲಿ ಅಂಕೆ ಗೀಚುವ ಚಾಳಿಯಾದರೋ ಸುಲಭವಾಗಿ ಬಿಡುವಂಥದಲ್ಲ.

ಇಲ್ಲಿಯೂ ಒಂದು ಅಪಾಯವಿದೆ. ಪಟ್ಟಿಯಿಂದ ಪಡೆದ ಉತ್ತರವನ್ನು ಗಣಕಗಳು ಕೆಲಕಾಲ ನೆನಪಿನಲ್ಲಿಟ್ಟುಕೊಳ್ಳುತ್ತವೆ. ಆ ಅವಧಿ ಒಂದು ದಿನವಾಗಿದ್ದರೆ, ಕೆಲವು ಅರ್ಜಿಗಳು ಹಳೆಯ ಯಂತ್ರವನ್ನೂ ಕೆಲವು ಹೊಸದನ್ನೂ ಸೇರಿ ಲೆಕ್ಕವು ಇಬ್ಭಾಗವಾಗುತ್ತದೆ. ಯಾವನೋ ಬಡ ವಿದ್ಯಾರ್ಥಿಯ ಹೆಸರು ಯಾರ ಕಣ್ಣಿಗೂ ಬೀಳದೆ ಹಳೆಯದರಲ್ಲಿಯೇ ಉಳಿದೀತು. ಆದುದರಿಂದ ಬಲ್ಲವರು ಒಂದೆರಡು ದಿನ ಮುಂಚಿತವಾಗಿ ಆ ಅವಧಿಯನ್ನು ಐದು ನಿಮಿಷಕ್ಕೆ ಇಳಿಸುತ್ತಾರೆ. ಹೆಸರನ್ನು ತಿರುಗಿಸುವಾಗ ಹಳೆಯ ಯಂತ್ರವು ಹೊಸ ಅರ್ಜಿಗಳನ್ನು ಸ್ವೀಕರಿಸದಂತೆ ಮಾಡುತ್ತಾರೆ. ಹೊಸ ಸರ್ವರಿನ ಭದ್ರತಾಪತ್ರದಲ್ಲಿ ಹಳೆಯ ಹೆಸರೂ ನಮೂದಾಗಿರಬೇಕು. ಇಲ್ಲವಾದರೆ ಎಚ್ಚರವುಳ್ಳ ಸ್ಕ್ರಿಪ್ಟು ಅದನ್ನು ಪರಕೀಯವೆಂದು ಬಗೆದು, ಅರ್ಜಿಯನ್ನು ಒಪ್ಪಿಸದೆ ಬಾಗಿಲಿನಿಂದಲೇ ಹಿಂದಿರುಗುತ್ತದೆ.